ದೊಡ್ಡದು ಹಾಕೋದು…

ಫೆಬ್ರುವರಿ ೩, ಸೋಮವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಲಕ್ವ ಹೊಡೆದ ಬಲಗಾಲು ಎಳೆಯುತ್ತದೆ. ಬಲಗೈ ಇಟ್ಟಲ್ಲೇ ಇರುತ್ತದೆ, ಯಾರೋ ಮರೆತು ಹೋದ ಕೈಚೀಲದ ಹಾಗೆ. ಮಾತು ಪೂರ್ತಿ ಹೋಗಿಲ್ಲ ಎನ್ನುತ್ತಾರೆ ಡಾಕ್ಟರು. ಒಳಗೆ ಎಲ್ಲವೂ ಇದೆ, ಹೊರಗೆ ಬರುವ ದಾರಿ ಕೆಟ್ಟಿದೆ, ಅಷ್ಟೆ. ಈ "ಅಷ್ಟೆ"ಯನ್ನು ಎಷ್ಟು ಸಲೀಸಾಗಿ ಬಳಸುತ್ತಾರೆ!

ನನ್ನನ್ನು "ಸಾರ್" ಎಂದು ಕರೆಯುತ್ತಾರೆ. ವರ್ಷಗಟ್ಟಲೆ ಲಿಫ್ಟುಗಳ ತಪಾಸಣೆ ಮಾಡಿದವರು. ಯಾವ ಮೇಲಧಿಕಾರಿಗೂ ಇಷ್ಟು ಮೆತ್ತಗೆ ಸಾರ್ ಅಂದಿರಲಾರರು. "ಸಾರ್ ಅಲ್ಲ ರೀ, ನಾನು," ಎಂದು ತಿದ್ದಿದೆ. ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ತಪ್ಪು ಕಂಡರೆ ಸುಮ್ಮನಿರಲು ಬರುವುದಿಲ್ಲ. ಅವರು ಅರ್ಥವಾದವರಂತೆ ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, "ನೀರು, ಸಾರ್."

ಸಂಜೆ ಶ್ರುತಿಪೆಟ್ಟಿಗೆಯ ಫೋನು. ಆ ಹೆಸರಿಟ್ಟವರು ಇವರೇ. ಟರ್ಬೊ ಕಾರುಗಳ ಎಂಜಿನ್ನಿಗೆ ಶ್ರುತಿ ಕೂಡಿಸಿ ಬಲ ಹೆಚ್ಚಿಸುವುದು ಅವನ ಕೆಲಸ, ಬಾಯಿ ಮುಚ್ಚದಿರುವುದು ಅವನ ಸ್ವಭಾವ. ಇವರಿಗೆ ಹೀಗಾಗುವ ಹಿಂದಿನ ವಾರವಷ್ಟೇ ಕಾರನ್ನು ಅವನ ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದರು. ನೆಲಕ್ಕೆ ಅಂಟಿದಂತೆ ಓಡುವ, ಎರಡೇ ಬಾಗಿಲಿನ ಆ ನೀಲಿ ಕಾರು ನನ್ನ ನೆನಪಿನಿಂದಲೇ ಹೋಗಿತ್ತು. ಇವರು ಫೋನಿನ ಸದ್ದಿಗೆ ತಲೆಯೆತ್ತಿದರು. ಕಾರಿನ ವಿಷಯ ಎಂದೆ. ಅವರ ಮುಖದ ಎಡಭಾಗ ಬದಲಾಯಿತು.

ಫೆಬ್ರುವರಿ ೫, ಬುಧವಾರ

ಚಮಚಕ್ಕೆ ಬೀಗ ಅಂದರು. ಕನ್ನಡಕಕ್ಕೆ ಮೆಟ್ಟಿಲು. ಎಲ್ಲ ತಿದ್ದಿದೆ. ನಾನು ಓದುತ್ತಿದ್ದ ಅನುವಾದಿತ ಕಾದಂಬರಿಯ ಗುರುತಿನ ಪಟ್ಟಿ ಇದ್ದಲ್ಲೇ ಇದೆ.

ಫೆಬ್ರುವರಿ ೮, ಶನಿವಾರ

ಶ್ರುತಿಪೆಟ್ಟಿಗೆ ಮನೆಗೇ ಬಂದ. ನಲವತ್ತರ ಆಸುಪಾಸು, ಹೊಟ್ಟೆ ಮುಂದೆ, ಮಾತು ಅದಕ್ಕೂ ಮುಂದೆ. ಕೂತಲ್ಲಿ ಸುಮ್ಮನೆ ಕೂರುವವನಲ್ಲ. ಮೇಜು, ಕಿಟಕಿಯ ಗಾಜು, ಫ್ರಿಜ್ಜಿನ ಬದಿ, ಎಲ್ಲವನ್ನೂ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ.

"ಏನ್ ಬಾಸ್ ಹೀಗ್ ಮಾಡ್ಬಿಟ್ರಿ! ನಾನು ಗಾಡಿ ಎದೆ ಬಿಚ್ಚಿ ಮಲಗಿಸಿದೀನಿ, ನೀವು ನೋಡಿದ್ರೆ ಆಸ್ಪತ್ರೆಲಿ ಮಲಗಿದೀರ. ಇಬ್ರೂ ಮೊದಲೇ ಮಾತಾಡ್ಕೊಂಡಿದ್ರಾ?"

ಇವರು ನಕ್ಕರು. ಅರ್ಧ ಮುಖದ ನಗು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು, ಅದೂ ಈ ಮಾತಿಗೆ.

ನನ್ನ ಕಡೆ ತಿರುಗಿ ಪಾಠ ಶುರು ಮಾಡಿದ. "ನೋಡಿ ಅಕ್ಕ, ಟರ್ಬೊ ಅಂದ್ರೆ ಗಾಳಿಗಿರಣಿ. ಎಂಜಿನ್ ಉಗುಳಿದ ಹೊಗೆಲೇ ತಿರುಗತ್ತೆ, ತಿರುಗಿ ಎಂಜಿನ್ ಬಾಯಿಗೇ ಗಾಳಿ ತುರುಕತ್ತೆ. ಬಾಸ್ ಗಾಡಿಲಿರೋದು ಚಿಕ್ಕದು. ಚಿಕ್ಕದು ಬೇಗ ಏಳತ್ತೆ, ಬೇಗ ಸುಸ್ತಾಗತ್ತೆ. ದೊಡ್ಡದು ತರಿಸಿಟ್ಟಿದೀನಿ. ಅದು ಏಳಕ್ಕೆ ಹೊತ್ತು ಬೇಕು. ಎದ್ದ ಮೇಲೆ ಮಾತ್ರ, ಹಿಡ್ಕೊಳಕ್ಕಾಗಲ್ಲ."

"ಏಳೋ ತನಕ?"

"ಕಾಯ್ಬೇಕು. ಲ್ಯಾಗ್ ಅಂತೀವಿ. ನೀವು ಕಾಲು ಒತ್ತಾಗಿರತ್ತೆ, ಗಾಡಿ ಇನ್ನೂ ಯೋಚ್ನೆ ಮಾಡ್ತಿರತ್ತೆ."

ದೊಡ್ಡದನ್ನು ಹಾಕುವ ಮೊದಲು ತಾವೇ ಬಂದು ನೋಡಿ ಹೇಳುತ್ತೇನೆ ಎಂದಿದ್ದರಂತೆ ಇವರು. ಹಳೆಯ ಚಿಕ್ಕದಕ್ಕೆ ಬೇರೊಬ್ಬ ಗಿರಾಕಿ ಕಾದಿದ್ದಾನಂತೆ. "ಬಾಸ್ ಹೂಂ ಅಂದ್ರೆ ನಾಳೆನೇ ಶುರು."

ಇನ್ನು ಕಾರು ಓಡಿಸುವುದುಂಟೆ ಎಂದು ಡಾಕ್ಟರನ್ನು ಕೇಳಿದಾಗ ಅವರು ಬರೀ ನನ್ನ ಮುಖ ನೋಡಿದ್ದರು. ಅದನ್ನು ಇವನಿಗೆ ಹೇಳಲಿಲ್ಲ. ದೊಡ್ಡ ಟರ್ಬೊ ಇವರ ಬಹುಕಾಲದ ಆಸೆ. ಊಟದ ಹೊತ್ತಿನಲ್ಲಿ ಅದೇ ಮಾತು, ನಾನು ಪುಸ್ತಕದಿಂದ ತಲೆಯೆತ್ತದೆ ಹೂಂಗುಟ್ಟುತ್ತಿದ್ದೆ. ಓಡಿಸಲಾಗದಿದ್ದರೂ ಅದೊಂದು ಆಗಲಿ. ಬೇರೆ ಏನನ್ನು ತಾನೆ ಕೊಡಬಲ್ಲೆ?

ಫೆಬ್ರುವರಿ ೧೫, ಶನಿವಾರ

ಗ್ಯಾರೇಜಿಗೆ ಹೋಗಿ ಬಂದೆವು. ಬಾಡಿಗೆ ಕಾರು, ಊರುಗೋಲು, ನನ್ನ ಹೆಗಲು, ಮೂರೂ ಬೇಕಾಯಿತು.

ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ನೆಲದಲ್ಲಿ ಹೂತಿಟ್ಟ ಎರಡು ದಪ್ಪ ಉರುಳೆಗಳು. ಕಾರನ್ನು ಅವುಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಬಲ ಅಳೆಯುತ್ತಾರಂತೆ. ಗೋಡೆಯಲ್ಲಿ ಪ್ರತಿ ಉಪಕರಣದ ಹಿಂದೆ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬಳಿದಿದ್ದಾರೆ. ಎಲ್ಲಿ ಏನು ಇಲ್ಲವೆಂದು ದೂರದಿಂದಲೇ ತಿಳಿಯುತ್ತದೆ.

ಬೆಂಚಿನ ಮೇಲೆ, ಹಳೆಯ ಟವೆಲಿನ ಮೇಲೆ, ಎರಡು ಟರ್ಬೊಗಳು. ಬಸವನಹುಳುವಿನ ಚಿಪ್ಪಿನ ಹಾಗಿವೆ. ಒಂದು ನನ್ನ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಪ್ಪಾಗಿದೆ. ಇನ್ನೊಂದು ಹೊಸದು, ತೆಂಗಿನಕಾಯಿಯಷ್ಟಿದೆ. ಇವರು ಎಡಗೈಯನ್ನು ಹಳೆಯದರ ಮೇಲಿಟ್ಟರು. ವಿದಾಯ ಹೇಳುತ್ತಿದ್ದಾರೆಂದುಕೊಂಡೆ.

"ಹೇಳಿ ಬಾಸ್," ಎಂದ ಶ್ರುತಿಪೆಟ್ಟಿಗೆ.

"ದೊಡ್ಡದು," ಎಂದರು ಇವರು. ತುಟಿ ಹುಡುಕಿತು. "ದೊಡ್ಡದು… ಹಾಕೋದು…"

ಕುತ್ತಿಗೆಯ ನರ ಉಬ್ಬಿತ್ತು. ಬೇರೆಯವರ ಮುಂದೆ ಹಾಗೆ ಒದ್ದಾಡುವುದನ್ನು ನೋಡಲಾಗಲಿಲ್ಲ.

"ದೊಡ್ಡದೇ ಹಾಕಿ ಅಂತಿದಾರೆ," ಎಂದೆ.

ಇವರು ಎಡಗೈಯಿಂದ ಬೆಂಚನ್ನು ಕುಟ್ಟಿದರು. ಒಮ್ಮೆ, ಮತ್ತೊಮ್ಮೆ. ಸ್ಪ್ಯಾನರುಗಳು ಕುಣಿದವು.

"ನೋಡಿ ಖುಷಿ! ಇದಪ್ಪಾ ನಮ್ ಬಾಸ್!" ಎಂದು ಅವನೂ ಬೆಂಚು ಕುಟ್ಟಿದ.

ಬರುವಾಗ ದಾರಿಯುದ್ದಕ್ಕೂ ಇವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಆಯಾಸವಾಗಿರಬೇಕು. ನನಗೆ ಮಾತ್ರ ಬಹಳ ದಿನಗಳ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದಂತೆ ಅನಿಸಿತು.

ಫೆಬ್ರುವರಿ ೧೬, ಭಾನುವಾರ

ಊಟ ಬೇಡವೆಂದರು. ಅಂದರೆ, ತಟ್ಟೆಯನ್ನು ದೂಡಿದರು.

ಫೆಬ್ರುವರಿ ೨೬, ಬುಧವಾರ

ಮಾತು ಕಲಿಸಲು ವಾರಕ್ಕೆರಡು ಸಲ ಒಬ್ಬ ಟೀಚರ್ ಬರುತ್ತಾರೆ. ವಯಸ್ಸು ಚಿಕ್ಕದು, ಗದರುವಿಕೆ ದೊಡ್ಡದು. ಇಂದು ಗದರಿದ್ದು ನನ್ನನ್ನು.

ಚಿತ್ರ ತೋರಿಸಿ ಏನೆಂದು ಕೇಳುತ್ತಿದ್ದರು. ಇವರು "ಕೊ… ಕೊ…" ಎಂದರು. "ಕೊಡೆ," ಎಂದೆ ನಾನು.

"ಅಮ್ಮಾ, ಪರೀಕ್ಷೆ ನಿಮಗಲ್ಲ."

"ಸಹಾಯ ಮಾಡಿದೆ."

"ಸಹಾಯ ಅಲ್ಲ ಇದು. ಬಾಯಿಗೆ ಬಂದ ತುತ್ತು ಕಿತ್ಕೊಳೋದು. ಆ ಮಾತು ಎಲ್ಲಿಂದ ಹೊರಟಿದೆ ಗೊತ್ತಾ ನಿಮಗೆ? ಅಷ್ಟು ದೂರ ನಡ್ಕೊಂಡು ಬಂದು ಬಾಗಿಲು ಮುಟ್ಟೋ ಹೊತ್ತಿಗೆ ನೀವು ಒಳಗಿಂದ ಚಿಲಕ ಹಾಕ್ತೀರ."

ಆಮೇಲೆ ಒಂದು ಕಟ್ಟಳೆ ಮಾಡಿದರು. ಮಾತು ಹೊರಟಿತೆಂದರೆ ಇವರು ಎಡಗೈ ಎತ್ತಬೇಕು. ಕೈ ಮೇಲಿರುವ ತನಕ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಕೈ ಇಳಿಸಿದ ಮೇಲೆ ಉಳಿದವರ ಸರದಿ.

ಮಕ್ಕಳ ಆಟದ ಹಾಗಿದೆ. ಇವರಿಗೆ ಅವಮಾನವಾದೀತೆಂದು ನೋಡಿದರೆ, ಆಗಲೇ ಕೈ ಎತ್ತಿದ್ದಾರೆ! ಏನೂ ಬರಲಿಲ್ಲ. ಕಣ್ಣು ತುಂಬಿತು, ಆದರೂ ಕೈ ಇಳಿಸಲಿಲ್ಲ. ನಾನು ಅಡುಗೆಮನೆಗೆ ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಮಾರ್ಚ್ ೮, ಶನಿವಾರ

ಕಾರು ಬಂತು. ಶ್ರುತಿಪೆಟ್ಟಿಗೆ ಮದುವಣಿಗನನ್ನು ಕರೆತಂದವನಂತೆ ಇಳಿದ. ದೊಡ್ಡ ಟರ್ಬೊ, ಅದಕ್ಕೆ ತಕ್ಕ, ಇಂಧನ ಚಿಮ್ಮಿಸುವ ಇಂಜೆಕ್ಟರುಗಳು, ಗಟ್ಟಿ ಕ್ಲಚ್ಚು, ಎಲ್ಲವನ್ನೂ ಬಾನೆಟ್ ಎತ್ತಿ ತೋರಿಸಿದ. ಉರುಳೆಗಳ ಮೇಲೆ ಕಾರು ಕಿರುಚಿದ ಸದ್ದನ್ನು ಬಾಯಲ್ಲೇ ಮಾಡಿ ಕೇಳಿಸಿದ. ಎದುರು ಮನೆಯ ನಾಯಿ ಬೊಗಳಿತು.

ಇವರನ್ನು ಮುಂದಿನ ಸೀಟಿನಲ್ಲಿ ಕೂರಿಸಲು ಇಬ್ಬರೂ ಬೇಕಾಯಿತು. ನಾನು ಹಿಂದಿನ ಸೀಟಿನಲ್ಲಿ, ಮಡಿಸಿಟ್ಟ ಕೊಡೆಯ ಹಾಗೆ. ಊರಾಚೆ ಗೋದಾಮುಗಳ ಸಾಲಿನ ಹಿಂದೆ ಖಾಲಿ ರಸ್ತೆ.

"ಬಾಸ್, ಒತ್ತಿದೀನಿ ನೋಡಿ. ಏನೂ ಇಲ್ಲ… ಏನೂ ಇಲ್ಲ… ಬರ್ತಿದೆ… ಈಗ!"

ಬೆನ್ನಿಗೆ ಯಾರೋ ಒದ್ದಂತಾಯಿತು. ಗೋದಾಮುಗಳು ಒಂದರೊಳಗೊಂದು ಕರಗಿ ಗೋಡೆಯಾದವು. ಇವರ ಸತ್ತ ಬಲಗೈ ತೊಡೆಯಿಂದ ಜಾರಿ ಸೀಟಿನ ಸಂದಿಗೆ ಬಿತ್ತು, ಅದನ್ನು ಎತ್ತಿಕೊಳ್ಳಲು ಅವರಿಗೆ ಆಗಲಿಲ್ಲ. ಎಡಗೈ ಬಾಗಿಲನ್ನು ಬಿಡುತ್ತಿರಲಿಲ್ಲ.

"ಸಾರ್," ಎಂದರು. "ಸಾರ್. ಸಾರ್. ಸಾರ್."

"ಈಗ ನೋಡಿ ಅಕ್ಕ, ನನಗೆ ಸಾರ್ ಅಂತಿದಾರೆ! ಇಷ್ಟು ವರ್ಷಕ್ಕೆ ಮರ್ಯಾದೆ ಬಂತು!"

"ನಿಲ್ಲಿಸಪ್ಪಾ," ಎಂದೆ. ಹಿಂದಿನಿಂದ ಕೈ ಚಾಚಿ ಇವರ ಹೆಗಲು ಹಿಡಿದು, "ಇಲ್ಲೇ ಇದೀನಿ ರೀ, ಇಲ್ಲೇ ಇದೀನಿ."

ಕಾರು ನಿಂತಿತು. ಇವರ ಕೆನ್ನೆ ಒದ್ದೆಯಾಗಿತ್ತು. ಖುಷಿಯ ಕಣ್ಣೀರು ಎಂದು ಅವನು ಹೇಳುತ್ತಲೇ ಇದ್ದ. ಸ್ವಲ್ಪ ಹೊತ್ತಿನಲ್ಲಿ ಅವನ ದನಿಯೂ ಇಳಿಯಿತು.

ಮಾರ್ಚ್ ೯, ಭಾನುವಾರ

ಮಾತಿಲ್ಲ. ಕಾರಿನ ಮೇಲೆ ಹೊದಿಕೆ ಹಾಕಿದೆ.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ದೆ. ಇವರು ಮೇಜಿನ ಹತ್ತಿರ ಕೂತು ಕೈ ಎತ್ತಿದರು.

"ದೊಡ್ಡದು," ಎಂದರು.

ನೀರು ಇನ್ನೂ ಸದ್ದು ಮಾಡಿರಲಿಲ್ಲ.

"ಹಾಕೋದು."

ನಾಲಿಗೆಯನ್ನು ಹಲ್ಲಿನಿಂದ ಹಿಡಿದೆ. ಹಾಕಿಯಾಯಿತಲ್ಲ ರೀ, ಮುಗಿಯಿತಲ್ಲ ಎಂದು ಹೇಳಿ ಸಮಾಧಾನ ಮಾಡಬೇಕೆನಿಸಿತು. ಕೈ ಮೇಲಿತ್ತು. ನೀರು ಗುನುಗಲು ಶುರುವಾಯಿತು, ಕುದಿಯಿತು, ಮುಚ್ಚಳ ತಕತಕ ಕುಣಿಯಿತು. ಎದ್ದು ಒಲೆ ಆರಿಸಲು ಧೈರ್ಯವಾಗಲಿಲ್ಲ.

"ಬೇಡ," ಎಂದರು. ಆಮೇಲೆ, ಕೈ ಇಳಿಸುವ ಮೊದಲು, "ಅಂದೆ."

ದೊಡ್ಡದು ಹಾಕೋದು ಬೇಡ ಅಂದೆ.

ಒಲೆ ಆರಿಸಿದೆ. ಪಾತ್ರೆಯಲ್ಲಿ ನೀರು ಉಳಿದಿರಲಿಲ್ಲ.

ನಮ್ಮ ಮಾತಿನಲ್ಲಿ ಬೇಕು ಬೇಡ, ಹೌದು ಅಲ್ಲ, ಇದೆ ಇಲ್ಲ, ಎಲ್ಲವೂ ಕೊನೆಗೇ ಬರುತ್ತವೆ. ಪರಭಾಷೆಯ ಮೂಲದಲ್ಲಿ ವಾಕ್ಯದ ಮೊದಲಿಗೇ ಬಂದಿದ್ದ "ಇಲ್ಲ"ವನ್ನು ಅನುವಾದಕರು ಕನ್ನಡ ವಾಕ್ಯದ ಬುಡದ ತನಕ ಹೊತ್ತು ತಂದು ಇಳಿಸಿರುವುದನ್ನು ಎಷ್ಟು ಕಾದಂಬರಿಗಳಲ್ಲಿ ಮೆಚ್ಚಿಕೊಂಡಿದ್ದೇನೆ. ಮೆಚ್ಚಿ ಅಂಚಿನಲ್ಲಿ ಗೀಟು ಹಾಕಿದ್ದೇನೆ. ಗಂಡನ ವಾಕ್ಯದ ಬುಡಕ್ಕೆ ಮಾತ್ರ ಹೋಗಲಿಲ್ಲ.

"ಯಾಕೆ ಬೇಡ ಅಂದ್ರಿ? ಅಷ್ಟು ಆಸೆಯಿತ್ತಲ್ಲ?"

ಮತ್ತೆ ಕೈ ಎತ್ತಿದರು. ಈ ಸಲ ನಾನು ಎದುರಿಗೆ ಕೂತೆ.

"ನೀನು… ಓಡ್ಸೋ… ಹಾಗೆ." ತುಂಬಾ ಹೊತ್ತು. "ಚಿಕ್ಕದು… ಸಾಕು, ಸಾರ್."

ಮಾರ್ಚ್ ೧೨, ಬುಧವಾರ

ಒಬ್ಬಳೇ ಗ್ಯಾರೇಜಿಗೆ ಹೋದೆ.

"ಅಕ್ಕ, ದೊಡ್ಡದೇ ಹಾಕಿ ಅಂದಿದ್ದು ನೀವೇ ತಾನೆ?"

"ನಾನೇ."

"ಬಾಸ್ ಬೆಂಚ್ ಕುಟ್ಟಿದ್ರಲ್ಲ!"

"ಬೇಡ ಅಂತ ಕುಟ್ಟಿದ್ದು."

ಅವನು ಟೈರಿನ ಮೇಲೆ ಕೂತ. ಆ ಬೆಂಚನ್ನೇ ನೋಡಿದ. "ನಾನೂ ಜೊತೆಗೆ ಕುಟ್ಟಿದ್ನಲ್ಲ," ಎಂದ. ಅವನು ಅಷ್ಟು ಹೊತ್ತು ಏನನ್ನೂ ತಟ್ಟದೆ ಕೂತಿದ್ದನ್ನು ನಾನು ಕಂಡಿರಲಿಲ್ಲ.

ಹಳೆಯದನ್ನೇ ಮತ್ತೆ ಹಾಕಿಕೊಡು ಎಂದೆ. ಅದು ಇಲ್ಲ. ಕಾದಿದ್ದ ಗಿರಾಕಿ ಒಯ್ದು ತನ್ನ ಕಾರಿಗೆ ಹಾಕಿ, ವಾರ ಕಳೆಯುವುದರೊಳಗೆ ಎಂಜಿನ್ ಸಮೇತ ಪುಡಿ ಮಾಡಿಕೊಂಡನಂತೆ. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ. ಅದನ್ನು ಹೇಳುವಾಗ ಅವನಿಗೆ ನನ್ನ ಮೇಲೆ ಸಿಟ್ಟೂ ಇತ್ತು. "ನನ್ನ ಕೈಯಿಂದ ಆಗಿರೋ ಕೆಲಸಗಳಲ್ಲೇ ಇದು ಚೆನ್ನಾಗಿರೋದು ಅಕ್ಕ. ಇದನ್ನ ಕೆಡಿಸು ಅಂತ ಬಂದಿದೀರ."

"ಮೆತ್ತಗೆ ಮಾಡಕ್ಕಾಗತ್ತಾ?"

"ಬಲ ಇಳಿಸ್ಬಹುದು. ಕಂಪ್ಯೂಟರಲ್ಲಿ ಕೂತು ಹಲ್ಲು ಕಿತ್ತಾಕ್ತೀನಿ. ಆದ್ರೆ ಲ್ಯಾಗ್ ಹೋಗಲ್ಲ. ಅದು ಅದರ ಮೈಯಲ್ಲೇ ಇದೆ. ಅಷ್ಟು ದೊಡ್ಡ ಚಕ್ರ ತಿರುಗಕ್ಕೆ ಅಷ್ಟು ಹೊತ್ತು ಬೇಕೇ ಬೇಕು, ನೀವು ಬೈದ್ರೂ ಅಷ್ಟೆ, ಅತ್ರೂ ಅಷ್ಟೆ."

ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ಅತ್ತೆ.

ಮಾರ್ಚ್ ೨೨, ಶನಿವಾರ

ಓಡಿಸಲು ಕಲಿಯುತ್ತಿದ್ದೇನೆ. ಲೈಸೆನ್ಸು ಹಳೆಯದು, ಪುಟ್ಟ ಕಾರುಗಳನ್ನಷ್ಟೇ ಓಡಿಸಿ ಗೊತ್ತು. ಶ್ರುತಿಪೆಟ್ಟಿಗೆ ಬಲ ಇಳಿಸಿ ತಂದ. ಈಗ ಅದು ಒದೆಯುವುದಿಲ್ಲ, ಬೆನ್ನಿಗೆ ಕೈಯಿಟ್ಟು ದೂಡುತ್ತದೆ. ಆದರೆ ಏಳುವ ತನಕ ಏನೂ ಇಲ್ಲ. ಕಾರು ಕೆಟ್ಟಿತೋ ಎಂಬಷ್ಟು ಏನೂ ಇಲ್ಲ. ಹೆದರಿ ಕಾಲೆತ್ತುತ್ತೇನೆ, ಮತ್ತೆ ತುಳಿಯುತ್ತೇನೆ, ಮತ್ತೆ ಎತ್ತುತ್ತೇನೆ. ಕಾರು ಎಡವುತ್ತದೆ.

"ಅಕ್ಕ, ಗದರಬೇಡಿ ಅದನ್ನ. ಬೇಕು ಅನ್ನಿಸೋ ಮುಂಚೆನೇ ಒತ್ತಿ. ಒತ್ತಿದ ಮೇಲೆ ಸುಮ್ನಿರಿ."

"ಸುಮ್ನೇ ಇದೀನಲ್ಲ!"

"ಕಾಲು ಸುಮ್ನಿಲ್ಲ."

ಇನ್ನೊಂದು ಕಟ್ಟಳೆ: ಓಡಿ ಬಂದ ಕೂಡಲೇ ಎಂಜಿನ್ ಆರಿಸಬಾರದು. ಟರ್ಬೊ ಕೆಂಡವಾಗಿರುತ್ತದೆ. ನಿಂತಲ್ಲೇ ಸ್ವಲ್ಪ ಹೊತ್ತು ಉಸಿರಾಡಲು ಬಿಟ್ಟು, ತಣಿದ ಮೇಲೆ ಕೀಲಿ ತಿರುಗಿಸಬೇಕು. ಮನೆ ಮುಂದೆ ಹಾಗೆ ಕೂತಿರುತ್ತೇವೆ, ಇಬ್ಬರೂ ಮುಂದಿನ ಗಾಜು ನೋಡುತ್ತಾ. ಇವತ್ತು ಇವರು ಆಗ ಕೈ ಎತ್ತಿದರು.

"ಲಿಫ್ಟಲ್ಲಿ… ಜನ… ಗುಂಡಿ ಒತ್ತಿ… ಒತ್ತಿ… ಒತ್ತಿ…" ಎದುರು ಮನೆಯವರು ಬಟ್ಟೆ ಒಣಹಾಕಿ ಒಳಗೆ ಹೋದರು. "ಲಿಫ್ಟಿಗೆ… ಗೊತ್ತೇ… ಆಗಲ್ಲ… ಸಾರ್."

ನನ್ನ ಕಾಲಿನ ಬಗ್ಗೆ ಹೇಳುತ್ತಿದ್ದಾರೆ! ನಕ್ಕುಬಿಟ್ಟೆ. ಅವರೂ ನಕ್ಕರು. ಎಂಜಿನ್ ಆರಿಸುವುದು ಮರೆತೇಹೋಗಿತ್ತು.

ಕರಡು ತಿದ್ದುವ ಕೆಲಸ ಬಾಕಿ ಬಿದ್ದಿದೆ.

ಮಾರ್ಚ್ ೩೦, ಭಾನುವಾರ

ನಾದಿನಿ ಬಂದಿದ್ದಳು. ಜೊತೆಗೆ ಒಬ್ಬ ಹಲ್ಲಿನ ಡಾಕ್ಟರು, ಕಾರು ಕೊಳ್ಳಲು ಬಂದವರು. ಹೊದಿಕೆ ತೆಗೆದಾಗ ಅವರು "ಆಹಾ" ಎಂದದ್ದು ಒಳಗಿನವರೆಗೂ ಕೇಳಿಸಿತು.

"ಅತ್ತಿಗೆ, ನಿಮಗೆ ಈ ವಯಸ್ಸಲ್ಲಿ ರೇಸಿನ ಹುಚ್ಚು ಯಾಕೆ?" ಎಂದಳು ನಾದಿನಿ. "ಅಣ್ಣನ್ನ ಅದ್ರಲ್ಲಿ ಕೂರಿಸೋದಂದ್ರೆ ಬಾವಿಗೆ ಇಳಿಸಿದಂಗೆ, ಎಬ್ಬಿಸೋದಂದ್ರೆ ಬಾವಿಯಿಂದ ಸೇದಿದಂಗೆ. ನಿಮ್ ಸೊಂಟ ಹೋದ್ರೆ ಇಬ್ರನ್ನೂ ಯಾರು ನೋಡ್ಕೋತಾರೆ? ಎತ್ತರದ್ದು ಒಂದು ಗಾಡಿ ತಗೊಳ್ಳಿ, ಇದನ್ನ ಕಳ್ಸಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ಸೊಂಟ ಈಗಲೇ ನೋಯುತ್ತಿದೆ.

"ಕಾರು ಅವರದು. ಅವರನ್ನೇ ಕೇಳು," ಎಂದೆ.

"ಅಣ್ಣಾ, ಕಾರು ಮಾರ್ಬಿಡೋಣ್ವಾ?"

ಇವರು ಕೈ ಎತ್ತಿದರು. "ಮಾರೋದು…"

"ನೋಡಿ! ಮಾರೋದೇ ಒಳ್ಳೇದು ಅಂತಾನೆ."

"ಕೈ ಇಳಿಸಿಲ್ಲ," ಎಂದೆ.

"ಹಾಂ?"

"ಅವರಿನ್ನೂ ಕೈ ಇಳಿಸಿಲ್ಲ."

ಕೂತೆವು. ಡಾಕ್ಟರು ಗಡಿಯಾರ ನೋಡಿಕೊಂಡರು, ಆಮೇಲೆ ಗೋಡೆಯ ಚಿತ್ರ ನೋಡಿದರು. ನಾದಿನಿ ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ನಾನು ಅವಳ ಮಂಡಿಯ ಮೇಲೆ ಕೈಯಿಟ್ಟೆ. ಇವರ ತುಟಿ ಏನನ್ನೋ ಹಿಡಿಯಿತು, ಬಿಟ್ಟಿತು, ಹಿಡಿಯಿತು. ಕೈ ನಡುಗತೊಡಗಿತು. ಎದ್ದು ಹೋಗಿ ಆ ಕೈಗೆ ಆಸರೆ ಕೊಡಲೇ ಎನಿಸಿತು. ಅದೂ ನಿಯಮ ಮುರಿದಂತೆ ಆದೀತೇನೋ ಎಂದು ಕೂತೇ ಇದ್ದೆ. ಕೊನೆಗೆ ಕೈ ತಾನಾಗಿಯೇ ಬಿತ್ತು. ಮಾತು ಬರಲಿಲ್ಲ. ಇವರು ಬಿದ್ದ ಕೈಯನ್ನು ನೋಡುತ್ತಾ ಉಳಿದರು.

"ಸುಮ್ಮನಾದ ಅಂದ್ರೆ ಒಪ್ಪಿಗೆ ಅಂತ," ಎಂದಳು ನಾದಿನಿ, ಈ ಸಲ ಮೆತ್ತಗೆ.

"ಸುಮ್ಮನಾಗಿಲ್ಲ. ಮುಗಿದಿಲ್ಲ."

"ಅತ್ತಿಗೆ, ನೀವೂ ಹೀಗಾದ್ರೆ ಹೇಗೆ?"

ಡಾಕ್ಟರು ಗುರುವಾರದ ತನಕ ಕಾಯುತ್ತಾರಂತೆ. ಆಮೇಲೆ ಬೇರೆ ಕಾರು ನೋಡಿಕೊಳ್ಳುತ್ತಾರೆ. ಅವರು ಹೋದ ಮೇಲೆ ಇವರ ಪಕ್ಕದಲ್ಲಿ ಕೂತೆ. ಕೇಳಲಿಲ್ಲ. ಬೇಕೋ ಬೇಡವೋ ನನಗೆ ನಿಜವಾಗಿಯೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅವರಿಗೂ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.

ಏಪ್ರಿಲ್ ೧, ಮಂಗಳವಾರ

ಟೀಚರ್ ಬಂದಿದ್ದರು. ಕಳೆದುಹೋದ ಮಾತು ಆಮೇಲಾದರೂ ಬರುವುದುಂಟೆ ಎಂದು ಕೇಳಿದೆ. "ಕೆಲವು ಸಲ ಬರತ್ತೆ. ಕೆಲವು ಸಲ ಇಲ್ಲ," ಎಂದರು. ನನ್ನ ಮುಖ ನೋಡಿ, "ಅಷ್ಟೆ ಅಂತ ಹೇಳಲ್ಲ, ಹೆದರಬೇಡಿ," ಎಂದರು. ಆ ಮಾತಿನ ಮೇಲೆ ನನಗಿರುವ ಸಿಟ್ಟು ಅವರಿಗೆ ಹೇಗೆ ತಿಳಿಯಿತೋ.

ನಾದಿನಿ ಎರಡು ಸಲ ಫೋನು ಮಾಡಿದಳು.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆಯೇ ಇವರನ್ನು ಕಾರಿಗೆ ಇಳಿಸಿದೆ. ಮೊದಲು ಬೆನ್ನು, ಆಮೇಲೆ ಎಡಗಾಲು, ಆಮೇಲೆ ನಾನು ಎತ್ತಿಡಬೇಕಾದ ಬಲಗಾಲು. ಬಲಗೈಯನ್ನು ಬೆಲ್ಟಿನ ಕೆಳಗೆ ಭದ್ರ ಮಾಡಿದೆ, ಜಾರದಂತೆ. ಇಂದೋ ನಾಳೆಯೋ ಕಾರು ಹೋಗುವುದಾದರೆ ಒಮ್ಮೆ ಹೋಗಿ ಬರೋಣವೆಂದು. ಇವರಿಗೆ ಹಾಗೆ ಹೇಳಲಿಲ್ಲ.

ಗೋದಾಮುಗಳ ಹಿಂದಿನ ರಸ್ತೆ ಖಾಲಿಯಿತ್ತು. ತಿರುವು ಮುಗಿಯುವ ಮೊದಲೇ ಒತ್ತಿದೆ. ಏನೂ ಇಲ್ಲ. ಕಾಲು ಇಟ್ಟಲ್ಲೇ ಇಟ್ಟೆ. ಏನೂ ಇಲ್ಲ. ಎಲ್ಲೋ ಮುಂದುಗಡೆ ಸಣ್ಣ ಶಿಳ್ಳೆ ಹುಟ್ಟಿತು, ದಪ್ಪವಾಯಿತು, ಆಮೇಲೆ ಬೆನ್ನ ಮೇಲೆ ಕಾರಿನ ಆ ದೂಡುವ ಕೈ ಬಂತು. ರಸ್ತೆ ನಮ್ಮ ಕಡೆಗೆ ಹರಿಯಿತು.

"ಬೇಡ," ಎಂದರು ಇವರು.

ಸ್ಪಷ್ಟವಾಗಿ. ಕೈ ಎತ್ತಿರಲಿಲ್ಲ.

ಹೆದರಿದರೆಂದು ಕಾಲು ತೆಗೆದುಬಿಟ್ಟೆ. ಕಾರು ಉಸಿರು ಬಿಟ್ಟು ನಿಧಾನವಾಯಿತು. ತಿರುಗಿ ನೋಡಿದರೆ ಮುಖದಲ್ಲಿ ಹೆದರಿಕೆ ಇಲ್ಲ. ತಲೆ ಅಲ್ಲಾಡಿಸಿದರು. ಎಡಗೈಯನ್ನು ಮೈಗೆ ಅಡ್ಡವಾಗಿ ಚಾಚಿ ಗೇರಿನ ಮೇಲಿದ್ದ ನನ್ನ ಕೈಯನ್ನು ತಟ್ಟಿದರು. ಹೋಗು, ಹೋಗು ಎಂಬಂತೆ.

ಮತ್ತೆ ಒತ್ತಿದೆ. ಕಾದೆ. ಶಿಳ್ಳೆ ಏಳುವ ಹೊತ್ತಿಗೆ ಹೊಳೆಯಿತು. ಭಾನುವಾರ ಹೊರಟ ವಾಕ್ಯ ಈಗ ಬಂದು ಮುಟ್ಟಿದೆ.

ಮನೆ ಮುಂದೆ ನಿಲ್ಲಿಸಿ, ಎಂಜಿನ್ ಓಡಲು ಬಿಟ್ಟು, ನಾದಿನಿಗೆ ಫೋನು ಮಾಡಲೆಂದು ಕೈಗೆತ್ತಿಕೊಂಡೆ. ಅರ್ಧಕ್ಕೆ ಬಿಟ್ಟೆ. ಆ ಬೇಡ ಯಾವುದಕ್ಕೆ? ಮಾರೋದು ಬೇಡವೋ, ಓಡೋದು ಬೇಡವೋ, ಎತ್ತರದ ಕಾರು ಬೇಡವೋ? ನನಗೆ ಬೇಕಾದದ್ದಕ್ಕೆ ಜೋಡಿಸಿಕೊಂಡು ಅವರ ವಾಕ್ಯವನ್ನು ಮತ್ತೆ ನಾನೇ ಮುಗಿಸುತ್ತಿದ್ದೇನೋ ಏನೋ.

"ಮಾರೋದು ಬೇಡ ಅಂತಾನಾ ರೀ?" ಎಂದೆ.

ಅವರು ಕೈ ಎತ್ತಿದರು.

ಎದುರು ಮನೆಯ ಗೇಟು ತೆರೆಯಿತು, ಮುಚ್ಚಿತು. ನಾಯಿ ಬಂದು ಟೈರು ಮೂಸಿ ಹೋಯಿತು. ಟರ್ಬೊ ತಣಿದಿರಬೇಕು, ಎಂಜಿನ್ನಿನ ದನಿ ಇಳಿದು ಸಮವಾಯಿತು. ಮಡಿಲಲ್ಲಿ ಫೋನು ನಡುಗಿತು, ನಾದಿನಿಯದೇ. ಅದನ್ನು ತಲೆಕೆಳಗೆ ಮಾಡಿಟ್ಟೆ.

"ನಾಳೆ," ಎಂದರು.

"ಹೇಳಿ," ಎನ್ನಲು ಹೊರಟು ತಡೆದುಕೊಂಡೆ.

ಕೈ ಇನ್ನೂ ಮೇಲೇ ಇತ್ತು. ನಾನು ಕೀಲಿ ಮುಟ್ಟಲಿಲ್ಲ.